ಕೆಂಚರಾಯನ ಗುಡ್ಡದಲ್ಲಿ ಮೈ ಕೊಡವಿದವನು

ಮೈಮೇಲೆ ದೇವರು ಬಂತು, ಹುಣಸೆಮರದಲ್ಲಿ ದೆವ್ವ ಕಂಡಿತು ಎಂದು ಹೇಳುವವರ ಎದುರಿಗೇ ಕೂತು ನಕ್ಕವನು ನಾನು. ನಕ್ಕಿದ್ದಷ್ಟೇ ಅಲ್ಲ, ಅಂಥವರನ್ನು ವಾದಕ್ಕೆಳೆದು ಬಾಯಿ ಮುಚ್ಚಿಸಿದ್ದೂ ಉಂಟು. ಅಪ್ಪ ತೀರಿಕೊಂಡ ವರ್ಷ ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕುರಿ ಕಾಯುವ ಕೋಲು ಹಿಡಿದೆ. ಅಲ್ಲಿಂದ ಇಲ್ಲಿಯವರೆಗೆ ಯಾರ ಹಂಗಿನ ಅನ್ನ ಉಂಡವನಲ್ಲ. ಕುರಿ ಕಾಯ್ದೆ, ಉಣ್ಣೆ ಕತ್ತರಿಸಿದೆ, ಕಲ್ಲುನೆಲದಲ್ಲಿ ಬಾವಿ ತೆಗೆದು ತೆಂಗು ಹಾಕಿದೆ, ತಮ್ಮನನ್ನು ಸಾಕಿದೆ. ಪೇಪರ್ ಓದುವುದನ್ನೂ ಬಸ್ಸಿನ ಬೋರ್ಡು ನೋಡಿ ನೋಡಿ ನಾನೇ ಕಲಿತೆ. ಕೈಗೆ ಸಿಕ್ಕಿದ್ದನ್ನು, ಕಣ್ಣಿಗೆ ಕಂಡಿದ್ದನ್ನು ಬಿಟ್ಟರೆ ಬೇರೆಯದನ್ನು ನಂಬಬೇಕೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಆದ್ದರಿಂದ ಈಗ ಹೇಳಹೊರಟಿರುವುದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯ ಮಾಡುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ಆದರೆ ನನ್ನ ಎಡ ಹೆಗಲಿನಿಂದ ಕುತ್ತಿಗೆಯ ಬುಡದವರೆಗೆ ಒಂದು ಗಾಯದ ಗುರುತಿದೆ. ಮೊಮ್ಮಕ್ಕಳು ಅದರ ಮೇಲೆ ಬೆರಳಾಡಿಸಿ ಇದೇನಜ್ಜ ಎಂದು ಕೇಳುತ್ತವೆ. ಕಾಲು ಜಾರಿ ಮಚ್ಚಿನ ಮೇಲೆ ಬಿದ್ದೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಾನು ಬಿದ್ದಿದ್ದಲ್ಲ.

ಹೊಸದುರ್ಗದ ಕಡೆಯಿಂದ ಮಾರಿಕಣಿವೆಯ ಹಿನ್ನೀರಿಗೆ ಇಳಿದರೆ ನೀರಿನ ನಡುವೆ ಒಂದು ಗುಡ್ಡ ಕಾಣುತ್ತದೆ. ನಮ್ಮ ಮುತ್ತಜ್ಜನ ಕಾಲದಲ್ಲಿ ಅದೂ ಎಲ್ಲ ಗುಡ್ಡಗಳ ಹಾಗೆ ಒಂದು ಗುಡ್ಡವಾಗಿತ್ತಂತೆ. ಬುಡದಲ್ಲಿ ಹೊಲ, ಸುತ್ತ ಕುರಿ ಮೇಯುವ ಕಾವಲು. ಕಣಿವೆಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ ಮೇಲೆ ಹೊಲ ಕಾವಲು ಎಲ್ಲ ಮುಳುಗಿ ಗುಡ್ಡ ಒಂದೇ ಉಳಿಯಿತು. ಅದರ ನೆತ್ತಿಯ ಮೇಲೆ ಪಾಳೇಗಾರರ ಕಾಲದ ಒಂದು ಕಲ್ಲುಗುಡಿ ಇದೆ. ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗುವಷ್ಟು ಬಾಗಿಲು. ಒಳಗೆ ಕತ್ತಿ ಹಿಡಿದು ನಿಂತ ವೀರನ ಕಲ್ಲು. ನಾವು ಕೆಂಚರಾಯ ಅನ್ನುತ್ತೇವೆ. ದುರ್ಗದ ಕೋಟೆಯ ಬಂಟನಾಗಿದ್ದ, ಈ ಗುಡ್ಡದ ಮೇಲೆ ತನ್ನವರ ಕೈಯಲ್ಲೇ ಸತ್ತ ಎಂದು ಹಿರಿಯರು ಹೇಳುತ್ತಿದ್ದರು. ತನ್ನವರು ಯಾಕೆ ಕೊಂದರು ಎಂದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೊಂದವರಿಗೂ ಗೊತ್ತಿರಲಿಲ್ಲವಂತೆ ಎಂದು ನಮ್ಮಜ್ಜಿ ಅನ್ನುತ್ತಿದ್ದಳು. ಆಗ ನಾನು ಅದನ್ನು ಮುದುಕಿಯ ಮಾತು ಅಂದುಕೊಂಡಿದ್ದೆ.

ಇದು ನಡೆದದ್ದು ಎಪ್ಪತ್ತರ ದಶಕದಲ್ಲಿ. ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಹಿಂದಿನ ವರ್ಷ ನನ್ನ ತಮ್ಮ ತಿಪ್ಪೇಶನಿಗೆ ಜ್ವರ ಹಿಡಿದು ಬಿಟ್ಟಿರಲಿಲ್ಲ. ಹೊಸದುರ್ಗದ ಆಸ್ಪತ್ರೆಯವರು ಕೈ ಚೆಲ್ಲಿದ ಮೇಲೆ ದುರ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ದು, ಅಲ್ಲಿಯೂ ಅವನು ಯಾರನ್ನೂ ಗುರುತು ಹಿಡಿಯದ ಹಾಗಾದಾಗ ಅವ್ವ ಸೆರಗೊಡ್ಡಿ ಕೆಂಚರಾಯನಿಗೆ ಟಗರಿನ ಹರಕೆ ಹೊತ್ತಳು. ಹುಡುಗ ಬದುಕಿದ. ಔಷಧದಿಂದ ಬದುಕಿದ ಎಂದು ನಾನು, ಕೆಂಚರಾಯ ಬದುಕಿಸಿದ ಎಂದು ಅವ್ವ. ಹಿಂಡಿನಲ್ಲಿದ್ದ ಒಂದು ಕಂದು ಟಗರುಮರಿಯ ಕಿವಿಗೆ ಅರಿಸಿನ ಹಚ್ಚಿ ದೇವರಿಗೆಂದು ಬಿಟ್ಟಳು. ಅದು ಬೆಳೆದು ಕೊಂಬು ಸುತ್ತು ತಿರುಗಿದ ಮೇಲೆ, ಮಳೆಗಾಲ ಮುಗಿದ ಒಂದು ದಿನ, ನಾವು ಏಳೆಂಟು ಜನ ಗಂಡಸರು ಗುಡ್ಡಕ್ಕೆ ಹೊರಟೆವು. ಅವ್ವನಿಗೆ ಮಂಡಿ ನೋವು, ಬರಲಿಲ್ಲ.

ನಮ್ಮ ಸೋದರಮಾವ ಕರಿಯಪ್ಪ ಮುಂದಾಳು. ನಮ್ಮ ಹಟ್ಟಿಯಲ್ಲಿ ಯಾರ ಮನೆಯ ಹರಕೆಯಿರಲಿ, ಕಡಿಯುವವನು ಅವನೇ. ಒಂದೇ ಏಟು, ಎರಡನೆಯದು ಇಲ್ಲ. ಅವನ ಮಗ ರಂಗಸ್ವಾಮಿ ನನ್ನ ವಾರಿಗೆಯವನು, ಬಾಯಿ ಬಿಟ್ಟರೆ ತಮಾಷೆ. ಅವನನ್ನು ನಾನೂ ತಿಪ್ಪೇಶನೂ ಭಾವ ಎಂದು ಕರೆಯುತ್ತಿದ್ದೆವು. ಆಮೇಲೆ ಗುಡಿಯ ಪೂಜಾರಿ ಅಜ್ಜ, ಮತ್ತೆ ಹಟ್ಟಿಯ ಇಬ್ಬರು ಮೂವರು. ಅಕ್ಕಿ, ಖಾರದ ಪುಡಿ, ಪಾತ್ರೆ, ಕಟ್ಟಿಗೆ ಎಲ್ಲ ಹೊತ್ತುಕೊಂಡು ಹೋಗಬೇಕು. ಗುಡ್ಡದ ಮೇಲೆ ಕಡಿದದ್ದನ್ನು ಅಲ್ಲೇ ಬೇಯಿಸಿ ಅಲ್ಲೇ ಉಂಡು ಬರಬೇಕು, ಒಂದು ಚೂರೂ ನೀರು ದಾಟಿಸಬಾರದು ಅನ್ನುವುದು ಪದ್ಧತಿ.

ಆ ವರ್ಷ ನೀರು ಚೆನ್ನಾಗಿ ನಿಂತಿತ್ತು. ಮೀನು ಹಿಡಿಯುವವನೊಬ್ಬ ಹರಿಗೋಲಿನಲ್ಲಿ ನಮ್ಮನ್ನು ಸ್ವಲ್ಪ ಸ್ವಲ್ಪ ಜನರಂತೆ ದಾಟಿಸಿದ. ನಮಗೆ ನೆಲದ ಅಭ್ಯಾಸ, ನೀರೆಂದರೆ ಕೈಕಾಲು ಆಡುವುದಿಲ್ಲ. ಒಬ್ಬರ ಹೆಗಲು ಒಬ್ಬರು ಹಿಡಿದು ಕುಕ್ಕರಿಸಿದ್ದೆವು.

"ಅಲುಗಾಡಬ್ಯಾಡ್ರಪ್ಪೋ. ಟಗರೇ ನಿಮಗಿಂತ ನೆಟ್ಟಗೆ ನಿಂತೈತೆ ನೋಡ್ರಿ," ಎಂದ ಹರಿಗೋಲಿನವನು.

"ಅದಕ್ಕೇನು ಚಿಂತೆ? ಅದಕ್ಕೆ ವಾಪಸ್ ಬರೋ ತಾಪತ್ರಯ ಇಲ್ಲ," ಎಂದ ರಂಗಸ್ವಾಮಿ. ಎಲ್ಲರೂ ನಕ್ಕೆವು. ಹರಿಗೋಲು ಓಲಾಡಿತು, ನಗು ನಿಂತಿತು.

ಗುಡ್ಡಕ್ಕೆ ದಾರಿ ಎಂಬುದಿಲ್ಲ. ಕಾರೆಮುಳ್ಳು, ಬಂಡೆ, ಮತ್ತೆ ಕಾರೆಮುಳ್ಳು. ಪಾತ್ರೆ ಹೊತ್ತವರು ಅಲ್ಲಲ್ಲಿ ಕೂತು ಎದ್ದು ಬರುತ್ತಿದ್ದರು. ಟಗರನ್ನು ತಾನೇ ಹತ್ತಿಸಬೇಕೆಂದು ತಿಪ್ಪೇಶ ಹಟ ಹಿಡಿದಿದ್ದ. ಜ್ವರದಲ್ಲಿ ಸೊರಗಿದ ಮೈ ಆಗಷ್ಟೇ ತುಂಬಿಕೊಳ್ಳುತ್ತಿತ್ತು. ಹಗ್ಗ ಕೊಡು ಎಂದರೆ ನನಗೂ ಕೊಡಲಿಲ್ಲ.

"ಲೇ ತಿಪ್ಪೇಶ, ನೀನು ಟಗರನ್ನ ಎಳೀತಿದಿಯೋ, ಟಗರು ನಿನ್ನ ಎಳೀತೈತೋ?" ಎಂದು ಹಿಂದಿನಿಂದ ರಂಗಸ್ವಾಮಿ ಕೂಗಿದ.

"ಇಬ್ರೂ ಒಂದೇ ಕಡೀಕೆ ಹೋಗ್ತಿದೀವಲ್ಲ ಭಾವ, ಯಾರು ಎಳದ್ರೇನು," ಎಂದ ಅವನು ಏದುಸಿರು ಬಿಡುತ್ತ.

ನೆತ್ತಿ ತಲುಪುವಾಗ ಬಿಸಿಲು ಏರಿತ್ತು. ಆದರೂ ಮೇಲೆ ಗಾಳಿ ತಣ್ಣಗಿತ್ತು. ನಾಲ್ಕೂ ಕಡೆ ನೀರು, ನೀರಿನ ಆಚೆ ಗುಡ್ಡದ ಸಾಲು, ಒಂದು ಊರೂ ಕಾಣುವುದಿಲ್ಲ. ಚಪ್ಪಲಿ ಬಿಟ್ಟು ಗುಡಿಯ ಮುಂದಿನ ಹಾಸುಬಂಡೆಯ ಮೇಲೆ ನಿಂತೆವು.

ನಮ್ಮಲ್ಲಿ ಹರಕೆಯ ಕುರಿಯನ್ನು ಹಾಗೇ ಕಡಿಯುವಂತಿಲ್ಲ. ಪೂಜಾರಿ ಅದರ ಮೈಗೆ ತೀರ್ಥ ಚಿಮುಕಿಸಬೇಕು. ಅದು ಮೈ ಕೊಡವಬೇಕು. ತಲೆಯಿಂದ ಹಿಡಿದು ಬಾಲದವರೆಗೆ ಉಣ್ಣೆಯೆಲ್ಲ ಅದುರುವ ಹಾಗೆ ಒಂದು ಸಲ ಕೊಡವಿತೆಂದರೆ ದೇವರು ಒಪ್ಪಿದ ಎಂದು ಅರ್ಥ. ಒಪ್ಪಿದ ಮೇಲೆ ತಡ ಮಾಡುವುದಿಲ್ಲ. ಒಬ್ಬ ಕೊಂಬು ಹಿಡಿದು ಮುಂದಕ್ಕೆ ಜಗ್ಗುತ್ತಾನೆ, ಒಬ್ಬ ಹಿಂಗಾಲು ಹಿಡಿದು ಹಿಂದಕ್ಕೆ ಎಳೆಯುತ್ತಾನೆ, ಕುತ್ತಿಗೆ ಉದ್ದವಾಗುತ್ತದೆ, ಏಟು ಬೀಳುತ್ತದೆ. ಚಿಕ್ಕಂದಿನಿಂದ ಮಾಡಿದ ಕೆಲಸವಾದ್ದರಿಂದ ಯಾರು ಎಲ್ಲಿ ನಿಲ್ಲಬೇಕು ಎಂದು ಯಾರೂ ಹೇಳಬೇಕಿಲ್ಲ. ಹಿಂಗಾಲು ಹಿಡಿಯುವುದು ಯಾವಾಗಲೂ ನಾನು.

ಈ ಮೈ ಕೊಡವುವುದರಲ್ಲಿ ದೇವರ ಪಾತ್ರ ಏನೂ ಇಲ್ಲ ಎಂದು ನನಗೆ ಗೊತ್ತಿತ್ತು. ಜನ್ಮವೆಲ್ಲ ಕುರಿಯ ಜೊತೆ ಕಳೆದವನು ನಾನು. ಕಿವಿಗೆ ನೀರು ಹೋದರೆ ಯಾವ ಕುರಿಯಾದರೂ ಕೊಡವುತ್ತದೆ. ತೀರ್ಥ ಬೆನ್ನಿನ ಮೇಲೆ ಬಿದ್ದರೆ ತಡ, ಕಿವಿಯ ಹತ್ತಿರ ಬಿದ್ದರೆ ಬೇಗ. ಅಷ್ಟೇ ಅದರ ಗುಟ್ಟು.

ಪೂಜಾರಿ ಅಜ್ಜ ತೀರ್ಥ ಚಿಮುಕಿಸಿದ. ಟಗರು ಸುಮ್ಮನೆ ನಿಂತಿತು. ಇನ್ನೊಮ್ಮೆ ಚಿಮುಕಿಸಿದ. ಅದು ಮೆಲುಕು ಹಾಕುತ್ತ ನೀರಿನ ಕಡೆ ನೋಡುತ್ತಿತ್ತು. "ತಪ್ಪಿದ್ರೆ ಹೊಟ್ಟೆಗೆ ಹಾಕ್ಕಳಪ್ಪ ನಮ್ಮಪ್ಪ, ಹುಡುಗ್ರು ದೂರದಿಂದ ಬಂದವ್ರೆ," ಎಂದು ಮಾವ ಕೈಮುಗಿದ. ಎಲ್ಲರೂ ಕೈಮುಗಿದರು. ಮತ್ತೆ ತೀರ್ಥ. ಏನೂ ಇಲ್ಲ. ಹೊತ್ತು ಹೋಯಿತು. ಕೊನೆಗೆ ಅಜ್ಜ, "ದೇವರ ಮೇಲೆ ಹೂವಿಟ್ಟು ಅಪ್ಪಣೆ ಕೇಳಿ ಬರ್ತೀನಿ, ಯಾರೂ ಅದರ ತಂಟೆಗೆ ಹೋಗಬ್ಯಾಡ್ರಿ," ಎಂದು ಬಗ್ಗಿ ಗುಡಿಯೊಳಗೆ ಹೋದ.

ಆಗ ನಾನು ತಿಪ್ಪೇಶನ ಮುಖ ನೋಡಿದೆ. "ಅಣ್ಣ, ಒಲ್ಲೆ ಅಂತಾನೇನೋ. ಹಂಗಾರೆ ನನ್ನ ಗತಿ?" ಎಂದ. ಸಾವಿನ ಬಾಯಿಂದ ಬಂದ ಹುಡುಗ, ಒಂದು ಟಗರು ಮೈ ಕೊಡವಲಿಲ್ಲ ಎಂದು ಮತ್ತೆ ಸಾಯುತ್ತೇನೆ ಎಂದು ಹೆದರಿದ್ದ. ಇದೇ ಹೆದರಿಕೆ ಮನೆಗೆ ಹೋದರೆ ಅವ್ವನಿಗೂ ಹತ್ತುತ್ತದೆ. ನನಗೆ ರೇಗಿತು. "ಏ, ಸುಮ್ಕಿರಲೇ, ಈಗ ಕೊಡವುಸ್ತೀನಿ ನೋಡು," ಎಂದು ಅಲ್ಲಿದ್ದ ತುಂಬಿದ ತಂಬಿಗೆ ಎತ್ತಿ ಟಗರಿನ ಕಿವಿಗೆ ಸರಿಯಾಗಿ ಸುರಿದೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ. ಕೊಂಬಿಗೆ ಬಡಿದ ನೀರು ಸಿಡಿದು ತಿಪ್ಪೇಶನ ತಲೆ ಎದೆ ಎಲ್ಲ ನೆನೆಯಿತು, ನನ್ನ ಮೈಯೂ ನೆನೆಯಿತು.

ಟಗರು ಕಿವಿ ಕೂಡ ಆಡಿಸಲಿಲ್ಲ. ಮೈ ಕೊಡವಿದವನು ತಿಪ್ಪೇಶ.

ಚಳಿಗೆ ಮನುಷ್ಯ ನಡುಗುವುದು ಬೇರೆ. ಅದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಇದು ನಡುಕ ಅಲ್ಲ. ತಲೆಯನ್ನು ತಗ್ಗಿಸಿ, ಅಲ್ಲಿಂದ ಎಬ್ಬಿಸಿ, ಕುತ್ತಿಗೆ, ಹೆಗಲು, ಪಕ್ಕೆ, ಸೊಂಟ, ಒಂದಾದ ಮೇಲೊಂದು ಉರುಳಿಸಿದ ಹಾಗೆ ಇಡೀ ಮೈಯನ್ನು ಕೊಡವಿದ. ಕೂದಲಿನಿಂದ ಹನಿಗಳು ಸುತ್ತಲೂ ಹಾರಿ ನಮ್ಮ ಮುಖಕ್ಕೆ ಬಿದ್ದವು.

"ಒಪ್ಪಿದ," ಎಂದು ಗುಡಿಯೊಳಗಿನಿಂದ ಒಂದು ಮಾತು ಬಂತು. ಕೂಗಿದ್ದಲ್ಲ. ಊಟಕ್ಕೆ ಬಾ ಎಂದು ಕರೆದಷ್ಟು ಸಲೀಸಾಗಿ ಬಂತು.

ಆಮೇಲೆ ನಡೆದದ್ದಕ್ಕೆ ಹೊತ್ತು ಹಿಡಿಯಲಿಲ್ಲ. ರಂಗಸ್ವಾಮಿ ತಿಪ್ಪೇಶನ ಕೂದಲಿಗೆ ಎರಡೂ ಕೈ ಹಾಕಿ ಮುಂದಕ್ಕೆ ಜಗ್ಗಿದ. ಹುಡುಗ ಬಂಡೆಯ ಮೇಲೆ ಮುಗ್ಗರಿಸಿ ಬಿದ್ದ. ಇಬ್ಬರು ಅವನ ಪಕ್ಕೆಗೆ ಮಂಡಿಯೂರಿದರು. ಮಾವ ಮಚ್ಚು ತೆಗೆದುಕೊಂಡು ಎಂದಿನಂತೆ ಅಂಗೈಗೆ ಉಗುಳು ಹಚ್ಚಿಕೊಂಡು, ಎಂದಿನಂತೆ ಎಡಗಾಲು ಮುಂದಿಟ್ಟು ನಿಂತ. ಒಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ, ಆವೇಶವಿರಲಿಲ್ಲ. ದೇವರು ಬಂದವರ ಹಾಗೆ ಕಣ್ಣು ಕೆಂಪಗಾಗಿರಲಿಲ್ಲ. ಕೆಲಸ ಮಾಡುವಾಗ ಹೇಗಿರುತ್ತಾರೋ ಹಾಗಿದ್ದರು. ಯಾರೂ ಉಸಿರೆತ್ತಲಿಲ್ಲ. ತಿಪ್ಪೇಶನೂ ಕೂಗಲಿಲ್ಲ.

ಮತ್ತೆ ನಾನು. ನಾನು ಅವನ ಕಾಲುಗಳನ್ನು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದೆ.

ಯಾವಾಗ ಬಗ್ಗಿದೆ, ಯಾವಾಗ ಹಿಡಿದೆ, ಗೊತ್ತಿಲ್ಲ. ನನ್ನ ಜಾಗ ಅದು, ನನ್ನ ಕೈ ಅಲ್ಲಿಗೆ ಹೋಗಿತ್ತು. ನನ್ನ ತಮ್ಮನನ್ನು ಕಡಿಯುತ್ತಿದ್ದಾರೆ ಎಂಬ ಅರಿವು ನನಗೆ ಇರಲಿಲ್ಲ. ಬಿಗಿಯಾಗಿ ಎಳೆಯಬೇಕು, ಕುತ್ತಿಗೆ ನೆಟ್ಟಗೆ ನಿಲ್ಲಬೇಕು, ಅಷ್ಟೇ ತಲೆಯಲ್ಲಿ ಇದ್ದದ್ದು. ಆದರೆ ಹಿಡಿತ ಕೂರುತ್ತಿರಲಿಲ್ಲ. ಕುರಿಯ ಕಾಲು ಮುಷ್ಟಿಯೊಳಗೆ ಬರುತ್ತದೆ, ಹೆಬ್ಬೆರಳು ಬೆರಳಿಗೆ ತಾಗುತ್ತದೆ. ಇದು ತಾಗುತ್ತಿರಲಿಲ್ಲ. ಮತ್ತೆ ಮತ್ತೆ ಬಿಗಿ ಹಿಡಿದೆ. ತಾಗಲಿಲ್ಲ. ಯಾಕೆ ತಾಗುತ್ತಿಲ್ಲ ಎಂದು ಕೆಳಗೆ ನೋಡಿದೆ. ಮನುಷ್ಯನ ಕಾಲು. ಹಿಮ್ಮಡಿ ಒಡೆದಿದೆ, ಬೆರಳಿಗೆ ಮುಳ್ಳು ತರಚಿ ರಕ್ತ ಬಂದಿದೆ. ಆಗ ನನಗೆ ತಲೆಗೆ ಬಡಿದ ಹಾಗೆ ಅರ್ಥವಾಯಿತು.

ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಕಾಲು ಬಿಟ್ಟು ರಂಗಸ್ವಾಮಿಯ ಹೊಟ್ಟೆಗೆ ಒದ್ದೆ. ಅವನು ಕೂದಲು ಬಿಡಲಿಲ್ಲ. ಮತ್ತೆ ಒದ್ದೆ. ಅವನು ಬಗ್ಗಿದ, ಆದರೂ ಬಿಡಲಿಲ್ಲ. ಅವನ ಮುಂಗೈಯನ್ನು ಕಚ್ಚಿದೆ, ಬಾಯಿಗೆ ರಕ್ತ ಬಂತು. ಪಕ್ಕೆ ಅದುಮಿದವನೊಬ್ಬ ಎದ್ದು ನನ್ನ ಗಂಟಲು ಹಿಡಿದು ಬಂಡೆಗೆ ಕೆಡವಿದ. ಅವನೂ ಸಿಟ್ಟಿನಿಂದ ಕೆಡವಿದ್ದಲ್ಲ. ಹಿಂಡಿನಲ್ಲಿ ಅಡ್ಡ ಬಂದ ಇನ್ನೊಂದು ಕುರಿಯನ್ನು ಪಕ್ಕಕ್ಕೆ ನೂಕುವ ಹಾಗೆ. ನನ್ನ ಕೈಗೆ ತಂಬಿಗೆ ಸಿಕ್ಕಿತು. ಎದ್ದು ಅದರಿಂದ ಮಾವನ ಮುಖಕ್ಕೆ ಹೊಡೆದೆ. ಹಲ್ಲು ಮುರಿದ ಸದ್ದು ಕೇಳಿಸಿತು. ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದ ಮಾವ. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. ಬಾಯಿಂದ ರಕ್ತ ಸುರಿಯುತ್ತಿರುವಾಗಲೇ ಮಚ್ಚು ಮೇಲೆತ್ತಿದ. ಎತ್ತಿದ ಮಚ್ಚನ್ನು ಅವನು ಯಾವತ್ತೂ ಸುಮ್ಮನೆ ಇಳಿಸಿದವನಲ್ಲ. ಬೇರೆ ದಾರಿ ಕಾಣದೆ ನಾನು ತಿಪ್ಪೇಶನ ಮೇಲೆ ಅಡ್ಡ ಬಿದ್ದೆ.

ಏಟು ಬಿದ್ದಾಗ ನೋವಾಗಲಿಲ್ಲ. ಯಾರೋ ಹೆಗಲ ಮೇಲೆ ಮೂಟೆ ಎತ್ತಿ ಹಾಕಿದ ಹಾಗಾಯಿತು. ಎಡಗೈ ನನ್ನದಲ್ಲ ಅನ್ನಿಸಿತು. ಬಿಸಿ ರಕ್ತ ಹಾಸುಬಂಡೆಯ ಮೇಲೆ ಹರಿದು, ತಗ್ಗಿದ್ದ ಕಡೆ ಹುಡುಕಿಕೊಂಡು ಗುಡಿಯ ಹೊಸ್ತಿಲಿಗೆ ಹೋಯಿತು. ಅದನ್ನು ನಾನು ಕಣ್ಣಾರೆ ನೋಡಿದೆ.

"ಸಾಕು," ಎಂದಿತು ಅದೇ ದನಿ.

ಎಲ್ಲರ ಕೈ ಒಟ್ಟಿಗೆ ಸಡಿಲವಾಯಿತು. ಮೊದಲು ರಂಗಸ್ವಾಮಿ ತನ್ನ ಬೆರಳುಗಳ ನಡುವಿನ ಕೂದಲನ್ನು ನೋಡಿಕೊಂಡ. ಮಾವ ಮಚ್ಚನ್ನು ಬಿಸಾಕಿ ಬಾಯಿ ಮುಚ್ಚಿಕೊಂಡು ಕುಸಿದ. "ಏನಾತ್ರಲೇ? ಯಾರು ಹೊಡದ್ರು? ಯಾಕ್ರಲೇ ಹಿಂಗೆ ರಕ್ತ?" ಎಂದು ಒಬ್ಬ ಅಳಲು ಶುರು ಮಾಡಿದ. ಪೂಜಾರಿ ಅಜ್ಜ ಹೂವು ಹಿಡಿದು ಬಗ್ಗಿ ಹೊರಗೆ ಬಂದ. ಬಂದವನು ಹೊಸ್ತಿಲ ರಕ್ತ ತುಳಿದು ಅಲ್ಲೇ ಕಲ್ಲಾಗಿ ನಿಂತ. ಟಗರು ಸ್ವಲ್ಪ ದೂರದಲ್ಲಿ ಹಗ್ಗ ಎಳೆದುಕೊಂಡು ಹುಲ್ಲು ಮೇಯುತ್ತಿತ್ತು.

ತಿಪ್ಪೇಶ ತನ್ನ ಪಂಚೆ ಹರಿದು ನನ್ನ ಹೆಗಲಿಗೆ ಬಿಗಿದ. ನನ್ನನ್ನು ಕಂಬಳಿಯಲ್ಲಿ ಹಾಕಿ, ನಾಲ್ಕು ಮೂಲೆ ಹಿಡಿದು, ಮುಳ್ಳು ಬಂಡೆ ನೋಡದೆ ಇಳಿಸಿದರು. ಹೊತ್ತವರು ಅವರೇ. ನನ್ನ ಗಂಟಲು ಹಿಡಿದವನು ದಾರಿಯುದ್ದಕ್ಕೂ, "ಕಣ್ ಮುಚ್ಚಬ್ಯಾಡ ಕಣೋ, ನಮ್ಮಪ್ಪ, ಕಣ್ ಮುಚ್ಚಬ್ಯಾಡ," ಎಂದು ಬೇಡುತ್ತಿದ್ದ. ಟಗರು, ಅಕ್ಕಿ, ಪಾತ್ರೆ ಎಲ್ಲ ಮೇಲೆಯೇ ಉಳಿಯಿತು. ನೀರಿನ ಅಂಚಿನಲ್ಲಿ ಹರಿಗೋಲಿನವನು ನಮ್ಮನ್ನು ನೋಡಿ, ಕೈಯಲ್ಲಿದ್ದ ಬೀಡಿ ಎಸೆದು, ಹುಟ್ಟು ಹಾಕಿದ.

ಕಾಲು ಜಾರಿ ಮಚ್ಚಿನ ಮೇಲೆ ಬಿದ್ದ ಎಂದು ಆಸ್ಪತ್ರೆಯಲ್ಲಿ ಮಾವನೇ ಹೇಳಿದ. ಡಾಕ್ಟರು ನನ್ನ ಹೆಗಲು ನೋಡಿದರು, ಮಾವನ ಮುರಿದ ಹಲ್ಲು ನೋಡಿದರು, ರಂಗಸ್ವಾಮಿಯ ಕೈಯ ಕಚ್ಚಿದ ಗುರುತು ನೋಡಿದರು. "ಎಲ್ಲರೂ ಒಂದೇ ಮಚ್ಚಿನ ಮೇಲೆ ಬಿದ್ರೇನ್ರಿ?" ಎಂದರು. ಅವರು ನನ್ನ ಕಡೆ ತಿರುಗಿದರು. ಹೌದು, ಬಿದ್ದೆ ಎಂದೆ. ಹೊಡೆದವರ ಹೆಸರು ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಯಾಕೆ ಹೊಡೆದರು ಎಂದು ಪೊಲೀಸಿನವರು ಕೇಳಿದರೆ ಏನು ಹೇಳಬೇಕು ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ನಾನು ಸುಮ್ಮನಿರುವ ಜಾತಿಯವನಲ್ಲ. ಕೈ ಆಡುವಷ್ಟು ವಾಸಿಯಾದ ಮೇಲೆ ಒಬ್ಬೊಬ್ಬರನ್ನೂ ಕೇಳಿದೆ. ಪೂಜಾರಿ ಅಜ್ಜ ದೀಪದ ಮೇಲೆ ಕೈಯಿಟ್ಟು ಹೇಳಿದ, "ಒಳಗೆ ಹೂವು ಏರಿಸ್ಕಂಡು ಕಣ್ಮುಚ್ಚಿ ಕುಂತಿದ್ದೆ ಮಗ. ನಾನು ಬಾಯಿ ಬಿಟ್ಟಿಲ್ಲ. ಬೇರೆ ಯಾರ ಮಾತೂ ನನಗೆ ಕೇಳಿಲ್ಲ." ರಂಗಸ್ವಾಮಿಯನ್ನು ಕೇಳಿದ್ದು ಅವನ ಮನೆಯ ಜಗುಲಿಯಲ್ಲಿ. ಆ ನಗೆಗಾರ ಎದ್ದು ನನ್ನ ಕೆನ್ನೆಗೆ ಬಾರಿಸಿದ. ನಾನು ತಿರುಗಿ ಬಾರಿಸಿದೆ. ಬೀದಿಯ ಮಣ್ಣಿನಲ್ಲಿ ಉರುಳಾಡಿ ಹೊಡೆದಾಡಿದೆವು. ಹೆಂಗಸರು ಬಂದು ಬಿಡಿಸಿದ ಮೇಲೆ ಅವನು ಅಳುತ್ತ, "ನನ್ನ ಕೈ ಕಡ್ಕಂಡು ಹೋಗು ಬೇಕಾದ್ರೆ. ಅದರ ಮಾತು ಎತ್ತಬ್ಯಾಡ," ಎಂದ. ನಮ್ಮಿಬ್ಬರ ನಡುವೆ ತಮಾಷೆ ಅಲ್ಲಿಗೆ ಮುಗಿಯಿತು. ಮಾವ ಮತ್ತೆ ಮಚ್ಚು ಮುಟ್ಟಲಿಲ್ಲ. ನಮ್ಮ ಮನೆಗೆ ಬಂದರೆ ಹೊರಗೇ ಕುಳಿತು, ನನ್ನ ಹೆಗಲನ್ನು ಒಂದು ಸಲ ನೋಡಿ, ನೀರು ಕುಡಿದು ಎದ್ದು ಹೋಗುತ್ತಿದ್ದ. ಅವನನ್ನು ಕೇಳಲು ನನಗೆ ಮನಸ್ಸು ಬರಲಿಲ್ಲ.

ತಿಪ್ಪೇಶನನ್ನೂ ಕೇಳಲಿಲ್ಲ. ಸಾವಿನ ಅಂಚಿಗೆ ಎರಡು ಸಲ ಹೋಗಿ ಬಂದವನು, ಮತ್ತೆ ಅದನ್ನೇ ನೆನಪಿಸುವುದು ಯಾಕೆ ಎಂದು ಬಿಟ್ಟೆ. ಅವನು ಚೆನ್ನಾಗಿ ಬೆಳೆದ. ಹೊಳಲ್ಕೆರೆ ಕಡೆಯ ಬಿ. ದುರ್ಗದಿಂದ ಹೆಣ್ಣು ತಂದು, ಅಲ್ಲೇ ಹೊಲ ಮಾಡಿಕೊಂಡು, ಕುರಿ ಕಟ್ಟಿ, ಮಕ್ಕಳೊಂದಿಗನಾದ. ಅವನನ್ನು ಕಂಡಾಗಲೆಲ್ಲ ನನಗೆ ಎದೆ ತುಂಬುತ್ತಿತ್ತು. ಬಾವಿ ತೆಗೆದೆ, ತೋಟ ಮಾಡಿದೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ಆದರೆ ಒಳಗೊಳಗೆ ನನ್ನ ಜಂಬ ಇದ್ದದ್ದು ಒಂದೇ. ಇವನನ್ನು ಆ ಬಂಡೆಯ ಮೇಲಿಂದ ಉಳಿಸಿಕೊಂಡು ಬಂದವನು ನಾನು.

ಎಷ್ಟೋ ವರ್ಷದ ಮೇಲೆ ಮಾವ ತೀರಿಕೊಂಡ. ಅವನ ಕಾರ್ಯ ಮುಗಿಸಿ, ಬಿ. ದುರ್ಗದ ಬಸ್ಸಿಗೆಂದು ತಿಪ್ಪೇಶನೂ, ಅವನನ್ನು ಹತ್ತಿಸಲೆಂದು ನಾನೂ ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಟೀ ಕುಡಿಯುತ್ತ ಅವನೇ ಮಾತು ತೆಗೆದ.

"ಮಾವ ಸಾಯೋ ಮುಂಚೆ ನನ್ನ ಕೈ ಹಿಡ್ಕಂಡು ಅತ್ತ ಕಣಣ್ಣ. ನಿಮ್ಮಣ್ಣನ್ನ ಕಡಿಯಕ್ಕೆ ಹೋಗಿದ್ನಲ್ಲ, ನೀನಿಲ್ದಿದ್ರೆ ಅಕ್ಕನಿಗೆ ಏನು ಮುಖ ತೋರುಸ್ತಿದ್ದೆ ಅಂದ."

"ನನ್ನ ಅಲ್ಲ ಕಣೋ, ನಿನ್ನ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದೇನೋ ಎಂದು ನೋಡಿದ ಹಾಗಿತ್ತು. ಆಮೇಲೆ ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದ.

"ನಿನಗೆ ಗ್ಯಾನ ಇರ್ಲಿಲ್ಲ ಬಿಡಣ್ಣ. ನೀರು ಸುರಿದೋನು ನೀನು, ಮೈ ಕೊಡವಿದೋನೂ ನೀನೇ. ರಂಗಸ್ವಾಮಿ ಭಾವ ನಿನ್ನ ಕೂದಲು ಹಿಡಿದ. ನಾನು ಹಿಂದಿಂದ ನಿನ್ನ ಕಾಲು ಹಿಡಿದಿದ್ದೆ. ಯಾಕೆ ಹಿಡ್ದೆ ಅಂತ ದೇವ್ರಾಣೆಗೂ ಗೊತ್ತಿಲ್ಲ. ಎಷ್ಟು ಹಿಡಿದ್ರೂ ನಿನ್ನ ಕಾಲು ನನ್ನ ಮುಷ್ಟೀಗೆ ಬರ್ಲಿಲ್ಲ ಕಣಣ್ಣ. ಹೆಬ್ಬೆಟ್ಟು ಬೆರಳಿಗೆ ತಾಗ್ಲಿಲ್ಲ. ಕುರಿಕಾಲು ಹಿಂಗಿರಲ್ವಲ್ಲ ಅಂತ ಬಗ್ಗಿ ನೋಡ್ದೆ. ಆಗ ಎಚ್ಚರಾತು. ತಂಬಿಗೆ ತಗಂಡು ಮಾವನ ಮುಖಕ್ಕೆ ಹೊಡ್ದೆ. ಆದ್ರೂ ಏಟು ನಿನ್ನ ಹೆಗಲಿಗೆ ಬಿತ್ತು, ಪೂರ್ತಿ ತಪ್ಸಕ್ಕೆ ಆಗ್ಲಿಲ್ಲ."

ಮುಷ್ಟಿಯ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವ್ವನಿಗೆ ಹೇಳಿರಲಿಲ್ಲ, ಹೆಂಡತಿಗೆ ಹೇಳಿರಲಿಲ್ಲ. ತಮ್ಮನ ಕಾಲನ್ನು ಕಡಿಯಲು ಹಿಡಿದೆ ಎಂದು ಯಾರಿಗೆ ತಾನೆ ಹೇಳಲಿ? ಬಾಯಿ ಬಿಡದೆ ಇಟ್ಟುಕೊಂಡಿದ್ದನ್ನು ಅವನು ತನ್ನದೆಂದು ಹೇಳುತ್ತಿದ್ದ. ಸುಳ್ಳು ಹೇಳುವವನ ಮುಖ ನನಗೆ ಗೊತ್ತು. ಅದು ಸುಳ್ಳು ಹೇಳುವವನ ಮುಖವಾಗಿರಲಿಲ್ಲ.

"ಜೀವನದಾಗೆ ನಾನು ಮಾಡಿರೋ ದೊಡ್ಡ ಕೆಲಸ ಅಂದ್ರೆ ಅದೊಂದೇ ಅಣ್ಣ, ನಿನ್ನ ಉಳಿಸ್ಕಂಡಿದ್ದು," ಎಂದ. ಅವನ ಕಣ್ಣು ತುಂಬಿತ್ತು.

ನಾನು ವಾದ ಮಾಡಲಿಲ್ಲ. ಇಡೀ ಜನ್ಮದಲ್ಲಿ ವಾದ ಮಾಡದೆ ಬಿಟ್ಟದ್ದು ಅದೊಂದೇ ಸಲ ಇರಬೇಕು. ಬಸ್ಸು ಬಂತು, ಅವನು ಹತ್ತಿದ, ಕಿಟಕಿಯಿಂದ ಕೈಬೀಸಿದ.

ಮಾವ ಸಾಯುವಾಗ ಹೇಳಿದ್ದು ಅವನ ಮಾತಿಗೆ ಸರಿಹೊಂದುತ್ತದೆ. ಆದರೆ ಮಾವನಿಗೆ ಅವತ್ತಿನದು ಏನೂ ನೆನಪಿರಲಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ. ನನ್ನ ಕಣ್ಣೆದುರು ತಿಪ್ಪೇಶ ಮೈ ಕೊಡವಿದ್ದು, ಅವನ ಕೂದಲಿನ ಹನಿ ನನ್ನ ಮುಖಕ್ಕೆ ಸಿಡಿದದ್ದು ಈಗ ಹೇಳುವಾಗಲೂ ಕಾಣುತ್ತಿದೆ. ಅವನಿಗೂ ಅದೇ ರೀತಿ ನಾನು ಕಾಣುತ್ತಿರಬೇಕು. ನೀರು ಹೆಚ್ಚು ಕಡಿಮೆಯಾಗುತ್ತ ಗುಡ್ಡ ಇನ್ನೂ ಅಲ್ಲೇ ಇದೆ. ಮತ್ತೆ ಹತ್ತಲು ನಮ್ಮಿಬ್ಬರಿಗೂ ಮನಸ್ಸು ಬಂದಿಲ್ಲ. ಅವತ್ತು ಅಲ್ಲಿ ಒಬ್ಬ ಮೈ ಕೊಡವಿದ, ಒಬ್ಬ ಅವನನ್ನು ಬಿಡಿಸಿಕೊಂಡ. ಅಷ್ಟು ಮಾತ್ರ ನಿಜ. ಆ ಇಬ್ಬರಲ್ಲಿ ನಾನು ಯಾವನು ಎನ್ನುವುದು ನನಗೆ ತಿಳಿಯದು.